ಹೊರಗಿನ ಚಿಲಕ

ಯಾರ ಮನೆಗೆ ಹೋದರೂ ಮಾಸ್ತರರು ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಬಾಗಿಲ ಚಿಲಕವನ್ನು. ಚಪ್ಪಲಿ ಬಿಡುವ ನೆಪದಲ್ಲಿ ಹೊಸ್ತಿಲಲ್ಲಿ ಬಗ್ಗಿ, ಹೊರಗಡೆ ಚಿಲಕ ಇದೆಯೋ ಇಲ್ಲವೋ ಎಂದು ಕಣ್ಣಲ್ಲೇ ತಡಕುತ್ತಿದ್ದರು. ಇದ್ದರೆ ಬಾಗಿಲಿಗೆ ಹತ್ತಿಕೊಂಡೇ ಕೂರುತ್ತಿದ್ದರು. ಇಲ್ಲದಿದ್ದರೆ ಒಳಗೆ ಬಂದು ಕಾಲು ಚಾಚಿ ಚಹಾ ಕೇಳುತ್ತಿದ್ದರು. "ಒಳಗಿನ ಚಿಲಕ ಮನೀದು ಆಪಾ, ಹೊರಗಿನ ಚಿಲಕ ಜೇಲಿಂದು" ಎನ್ನುವುದು ಅವರ ಮಾತು. ನನ್ನ ಅಂಗಡಿಗೆ ಬಂದ ಮೊದಲ ದಿನವೇ ಇದನ್ನು ಹೇಳಿದ್ದರು. ಯಾರೋ ಅರೆಹುಚ್ಚ ಬಂದ ಎಂದುಕೊಂಡು ನಾನು ಕತ್ತರಿಯನ್ನು ಕೈಗೆ ಹತ್ತಿರ ಸರಿಸಿಕೊಂಡಿದ್ದೆ.

ಹೋದ ವಾರ ಅವರು ತೀರಿಕೊಂಡರು. ಬೆಳಗ್ಗೆ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ತುರ್ವಿಹಾಳದಿಂದ ಅವರ ಹೆಂಡತಿಯ ಫೋನು ಬಂತು. "ಆಪಾ, ಮಾಸ್ತರು ಹೋಗ್ಯಾರ್ರಿ" ಎಂದು ಫೋನು ಇಟ್ಟರು. ಎತ್ತಿದ ಷಟರನ್ನು ಹಾಗೇ ಇಳಿಸಿ ಬಸ್ಸು ಹಿಡಿದೆ. ದುಃಖವಾಗಿತ್ತು. ಸುಳ್ಳೇಕೆ ಹೇಳಲಿ, ಸಿಟ್ಟೂ ಬಂದಿತ್ತು. ಅವರು ನನ್ನ ಕೊರಳಿಗೆ ಒಂದು ಮಾತು ಕಟ್ಟಿ ಹೋಗಿದ್ದರು. ತಾವು ಸತ್ತ ಮೇಲೆ ಮಣ್ಣಿನಲ್ಲಿ ಇಡಬಾರದು, ಸುಡಬೇಕು ಎಂದು ಅವರ ಹಿರಿಯರ ಎದುರು ನಾನು ಹೇಳಬೇಕಿತ್ತು. ಅವರ ಕುಲದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ. ನಾನೋ ಮುಸಲ್ಮಾನರ ಮನೆಯವಳು, ಊರಿಗೆಲ್ಲ ಆಪಾ, ಅಂದರೆ ಅಕ್ಕ; ನಮ್ಮಲ್ಲೂ ಮಣ್ಣಲ್ಲದೆ ಬೇರೆ ಮಾತಿಲ್ಲ. ಊರಲ್ಲಿ ಅಷ್ಟು ಜನ ಇರುವಾಗ ಇಂಥ ಮಾತು ಹೊರಲು ಇವರಿಗೆ ನಾನೇ ಸಿಗಬೇಕೇ ಎಂದು ಬಸ್ಸಿನ ದಾರಿಯುದ್ದಕ್ಕೂ ಬೈದುಕೊಂಡೆ.

ನನ್ನದು ಸಿಂಧನೂರಿನ ಹಳೇ ಬಜಾರಿನ ಸಂದಿಯಲ್ಲಿ ಒಂದು ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ನನಗೆ ಹೆಣದ ಬಟ್ಟೆ ಹೊಲಿಯುವ ಯೋಗ ತಂದವನು ಒಬ್ಬ ಎಕ್ಸಿಬಿಷನ್ ಯಜಮಾನ. ತಿರುಗುವ ತೊಟ್ಟಿಲು, ಬಾವಿಯೊಳಗೆ ಬೈಕು ಓಡಿಸುವ ಆಟ, ಮಿರ್ಚಿ ಅಂಗಡಿ ಎಲ್ಲವನ್ನೂ ಲಾರಿಗಳಲ್ಲಿ ಹೇರಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಸುತ್ತುವ ತೆಲುಗಿನ ಮನುಷ್ಯ. ಆ ವರ್ಷ ಅವನಿಗೆ ಹೊಸ ಹುಚ್ಚು ಹತ್ತಿತ್ತು. ಈಜಿಪ್ಟಿನ ರಾಜರ ಗೋರಿಗಳ ಸಿನಿಮಾ ನೋಡಿ ನೋಡಿ, ತಗಡಿನ ಷೆಡ್ಡಿನಲ್ಲಿ ಅಂಥದೇ ಒಂದು ಗೋರಿ ಕಟ್ಟಿಸಿದ್ದ. ಥರ್ಮಾಕೋಲಿನ ಕಂಬ, ಬಂಗಾರದ ಬಣ್ಣ ಬಳಿದ ನಾಯಿಮುಖದ ದೇವರು, ಕೊನೆಯಲ್ಲಿ ಒಂದು ಪೆಟ್ಟಿಗೆ. ಜನ ಹತ್ತಿರ ಬಂದಾಗ ಪೆಟ್ಟಿಗೆಯಿಂದ ಮಮ್ಮಿ ಏಳಬೇಕು. ಬಟ್ಟೆ ಸುತ್ತಿ ಕೆಡದಂತೆ ಇಟ್ಟ ಹೆಣಕ್ಕೆ ಹಾಗೆನ್ನುತ್ತಾರೆಂದು ನನಗೆ ಗೊತ್ತಾದದ್ದು ಅವನಿಂದಲೇ. ಮೊಬೈಲಿನಲ್ಲಿ ಚಿತ್ರ ತೋರಿಸಿ, ಇದೇ ಥರ ಬೇಕು ಎಂದ. ನಾನು ಹಳೇ ಧೋತರಗಳನ್ನು ಪಟ್ಟಿ ಪಟ್ಟಿ ಹರಿದು, ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿ, ಒಣಗಿಸಿ, ಸಡಿಲ ಪೈಜಾಮ ಅಂಗಿಯ ಮೇಲೆ ಸಾಲಾಗಿ ಹೊಲಿದೆ. ಬೆನ್ನಿಗೆ ಹುಕ್ಕು ಇಟ್ಟೆ.

ಅದನ್ನು ತೊಟ್ಟು ನೋಡಲು ಬಂದವರೇ ಮಾಸ್ತರರು. ನಾಟಕ ಕಂಪನಿಗಳಲ್ಲಿ ಬಹಳ ವರ್ಷ ಪಾರ್ಟು ಮಾಡಿದವರು. ತಂದೆಯ ಪಾರ್ಟು, ಸಾಹುಕಾರನ ಪಾರ್ಟು, ಕೊನೆಕೊನೆಗೆ ಹುಡುಗರಿಗೆ ಮಾತು ಹೇಳಿಕೊಡುವ ಕೆಲಸ. ಅದಕ್ಕೇ ಮಾಸ್ತರ ಎನ್ನುವ ಹೆಸರು. ಒಂದೊಂದೇ ಕಂಪನಿ ತಂಬು ಮಡಚಿದ ಮೇಲೆ ಮನೆಯಲ್ಲಿ ಕುಳಿತಿದ್ದರು. ಎಕ್ಸಿಬಿಷನ್ ಯಜಮಾನನಿಗೆ ಬೇಕಾದದ್ದು ಅವರ ಕಂಠವಲ್ಲ, ಉದ್ದನೆಯ ಬಡಕಲು ಮೈ. "ಚಿಲಕದ ಹೆದರಿಕಿ ಇದ್ದಾವ್ರು ಪೆಟಗ್ಯಾಗ ಯಾಕ ಮಲಗ್ತೀರಿ ಮಾಸ್ತರ?" ಎಂದು ಒಮ್ಮೆ ಕೇಳಿದ್ದೆ. "ಹೊಟ್ಟಿಗೆ ಚಿಲಕ ಇಲ್ಲಲ್ರೀ ಆಪಾ" ಎಂದರು. ಆದರೂ ಯಜಮಾನನಿಂದ ಒಂದು ಮಾತು ಪಡೆದೇ ಕೆಲಸಕ್ಕೆ ಸೇರಿದ್ದರು: ಪೆಟ್ಟಿಗೆಗೆ ಚಿಲಕ ಇರಬಾರದು, ಬರೀ ಮುಚ್ಚಳ. ಆ ಮುಚ್ಚಳದ ಸಂದಿಗೂ ಒಂದು ಕಟ್ಟಿಗೆಯ ಚಕ್ಕೆ ಸಿಕ್ಕಿಸಿ ಬೆಳಕು ಬರುವಂತೆ ಮಾಡಿಕೊಂಡಿದ್ದರು.

ಮಮ್ಮಿ ಹೇಗೆ ನಡೆಯುತ್ತದೆ ಎಂದು ಕಲಿಯಬೇಕಿತ್ತಲ್ಲ, ಅದಕ್ಕೆ ಸಿನಿಮಾ ನೋಡಬೇಕಿತ್ತು. ಹಿಂದೆ ನಮ್ಮ ಟಾಕೀಜಿಗೆ ಇಂಥ ಚಿತ್ರಗಳು ತೆಲುಗಿಗೆ ಡಬ್ ಆಗಿ ಬರುತ್ತಿದ್ದವು. ಆಂಧ್ರದಿಂದ ಬಂದು ನೆಲೆಸಿದ ಕಾಲುವೆ ಕ್ಯಾಂಪುಗಳ ಜನ ಟ್ರ್ಯಾಕ್ಟರು ತುಂಬಿಕೊಂಡು ಬರುತ್ತಿದ್ದರು. ಈಗ ಎಲ್ಲ ಮೊಬೈಲಿನಲ್ಲೇ. ಮಾಸ್ತರರ ಬಳಿ ಇದ್ದದ್ದು ಒತ್ತುವ ಗುಂಡಿಯ ಫೋನು, ಹಾಗಾಗಿ ಬೆಳಗಿನ ಹೊತ್ತು ನನ್ನ ಅಂಗಡಿಗೆ ಬಂದು, ನನ್ನ ಫೋನನ್ನು ನೂಲಿನ ಡಬ್ಬಿಗೆ ಆನಿಸಿ ನೋಡುತ್ತಿದ್ದರು. ನಾನು ಮಷಿನ್ ತುಳಿಯುತ್ತ ಒಂದು ಕಣ್ಣು ಅತ್ತ ಇಟ್ಟಿರುತ್ತಿದ್ದೆ. ಎಲ್ಲ ಸಿನಿಮಾಗಳದೂ ಒಂದೇ ಹಣೆಬರಹ. ಬಂಗಾರದ ಆಸೆಗೆ ಬಿಳಿ ಜನ ಗೋರಿಯೊಳಗೆ ಹೋಗುತ್ತಾರೆ, ಯಾರೋ ಒಬ್ಬ ಮುಟ್ಟಬಾರದ್ದನ್ನು ಮುಟ್ಟುತ್ತಾನೆ, ಹಿಂದಿನಿಂದ ಕಲ್ಲಿನ ಬಾಗಿಲು ದಡ್ ಎಂದು ಬೀಳುತ್ತದೆ. ಬಾಗಿಲು ಬಿದ್ದದ್ದೇ ಮಾಸ್ತರರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಎದುರಿನ ಆಟೋ ಸ್ಟ್ಯಾಂಡಿನಲ್ಲಿ ಬೆನ್ನು ಮಾಡಿ ನಿಂತು, ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗುತ್ತಿದ್ದರು, "ಆಪಾ, ತಗೀತೇನ್ರಿ ಬಾಗಲಾ?"

"ಇಲ್ರಿ ಮಾಸ್ತರ, ಇನ್ನೂ ಒದ್ದಾಡಾಕತ್ತಾರ" ಎಂದು ನಾನು ಒಳಗಿಂದ ವರದಿ ಒಪ್ಪಿಸುತ್ತಿದ್ದೆ. ತೆಗೆಯಿತು ಎಂದಮೇಲೆಯೇ ಅವರು ಒಳಗೆ ಬರುತ್ತಿದ್ದುದು. ಹಿಂದಿನ ಕೋಣೆಯಲ್ಲಿದ್ದ ನಮ್ಮ ಅಮ್ಮ ಇದನ್ನು ನೋಡಿ ನೋಡಿ, "ಉನೆ ಕಾಯ್ಕು ಭಾರ್ ಖಡಾ ಹೈ ಗೇ? ಅಂದರ್ ಬುಲಾ" ಎಂದು, ಅವನ್ಯಾಕೆ ಹೊರಗೆ ನಿಂತಿದ್ದಾನೆ, ಒಳಗೆ ಕರಿ ಎಂದು ನನ್ನನ್ನೇ ಗದರುತ್ತಿದ್ದಳು. ಬಂದವರನ್ನು ಹೊರಗೆ ನಿಲ್ಲಿಸುವ ಕೆಟ್ಟ ಬುದ್ಧಿ ನನ್ನದು ಎಂದೇ ಅವಳ ತಿಳಿವಳಿಕೆ. ಹೀಗಾಗಿ ಮಾಸ್ತರರು ಎಷ್ಟೋ ಸಿನಿಮಾಗಳ ಮೊದಲು ಮತ್ತು ಕೊನೆ ಮಾತ್ರ ನೋಡಿದರು.

ಅಷ್ಟು ನೋಡಿಯೇ ಅವರಿಗೆ ಮಮ್ಮಿಯ ಪರವಾಗಿ ದೊಡ್ಡ ತಕರಾರಿತ್ತು. "ಎಲ್ಲಾರಿಗೂ ಡೈಲಾಗ್ ಕೊಟ್ಟಾರ, ಆ ಮುದುಕಗ ಒಂದ ಮಾತ ಇಲ್ಲ ನೋಡ್ರಿ. ಸಾವಿರಾರು ವರ್ಷ ಸುಮ್ಮ ಮಲಗಿದಾವ ಎದ್ದ ಕೂಡ್ಲೆ ಬರೇ 'ಆಂ' ಅಂತಾನ. ಮೊದಲ ನೀರ ಕೇಳಬೇಕೋ ಬ್ಯಾಡೋ?" ಮಾತಿನ ಮೇಲೆ ಬದುಕಿದ ಮನುಷ್ಯನಿಗೆ ಆ 'ಆಂ' ತುಂಬ ಅವಮಾನವಾಗಿತ್ತು.

ನಾನು ಅವರಿಗೆ ಫಿರೌನನ ಕಥೆ ಹೇಳಿದ್ದೆ. ಈಜಿಪ್ಟಿನ ಈ ರಾಜರಿಗೆ ನಮ್ಮಲ್ಲಿ ಫಿರೌನ್ ಎನ್ನುತ್ತಾರೆ. ಮೂಸಾ ಪೈಗಂಬರರ ಬೆನ್ನು ಹತ್ತಿ ಬಂದು ಸಮುದ್ರದಲ್ಲಿ ಮುಳುಗಿದ ಸೊಕ್ಕಿನ ರಾಜ. ನಮ್ಮ ನಾನಿ, ಅಂದರೆ ಅಮ್ಮನ ತಾಯಿ, ಕೂಲಿಯವರನ್ನು ಗೋಳು ಹೊಯ್ದುಕೊಳ್ಳುವವರಿಗೆಲ್ಲ ಫಿರೌನ್ ಎಂದೇ ಬೈಯುತ್ತಿದ್ದಳು. ಮಾಸ್ತರರಿಗೆ ಆ ಶಬ್ದ ಬಹಳ ಹಿಡಿಸಿತು. ಅಂದಿನಿಂದ ಎಕ್ಸಿಬಿಷನ್ ಯಜಮಾನನಿಗೆ ನಮ್ಮಿಬ್ಬರ ನಡುವೆ ಅದೇ ಹೆಸರಾಯಿತು. "ಫಿರೌನ್ ಇವತ್ತ ಮುಚ್ಚಳಕ್ಕ ಬಣ್ಣ ಹಚ್ಚಿಸ್ಯಾನ, ಒಳಗ ವಾಸನಿ ಹೊಡದು ಸಾಯಾಕತ್ತೀನಿ" ಎಂದು ಬಂದು ಹೇಳುತ್ತಿದ್ದರು.

ಚಿಲಕದ ಹೆದರಿಕೆ ಎಲ್ಲಿಂದ ಬಂತು ಎನ್ನುವುದು ಅವರ ಬಾಯಿಂದ ಬಂದದ್ದೂ ಒಂದು ಸಿನಿಮಾದ ನಡುವೆಯೇ. ತೆರೆಯ ಮೇಲೆ ರಾಜನ ಹೆಣದ ಸುತ್ತ ಗಡಿಗೆಗಳಲ್ಲಿ ಕಾಳು ಇಟ್ಟಿದ್ದರು. ಅದನ್ನು ನೋಡಿ, "ನಮ್ಮ ಹಗೇವಿನ್ಯಾಗ ಜೋಳ, ಇವರ ಹಗೇವಿನ್ಯಾಗ ರಾಜ, ಇಷ್ಟ ಫರಕು" ಎಂದು ನಕ್ಕರು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಗುಂಡಿ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಮೊದಲು ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮಸ್ಕಿ ಕಡೆಯ ಸೋದರಮಾವನ ಊರಿನಲ್ಲಿ ಇವರನ್ನು ಚಿಕ್ಕಂದಿನಲ್ಲಿ ಹಾಗೆ ಇಳಿಸಿದ್ದರು. ಮೈ ಸಣ್ಣದು, ಸಲೀಸಾಗಿ ಇಳಿಯುತ್ತಾನೆ ಎಂದು. ಇವರು ಒಳಗಿದ್ದಾಗ ಮಳೆ ಬಂತು. ಜೋಳ ನೆನೆಯುತ್ತದೆಂದು ಮಾವ ಗಡಿಬಿಡಿಯಲ್ಲಿ ಕಲ್ಲು ಎಳೆದು ಮುಚ್ಚಿ, ಹೊರಗೆ ಹರವಿದ್ದ ಕಾಳು ತುಂಬಲು ಓಡಿದ. ಹುಡುಗ ಮೇಲೆ ಬಂದಿದ್ದಾನೆ ಎಂದೇ ತಿಳಿದಿದ್ದ.

"ಮಾವಾ, ಕಲ್ಲ ತಗಿಯೋ ಅಂತ ಒದರೀನ್ರಿ. ಒದರಿದಂಗ ಉಸರ ಕಮ್ಮಿ ಆಕ್ಕಿತ್ತು. ಆಮ್ಯಾಲ ಸುಮ್ಮ ಕುಂತೆ. ಕಾಲ ಬುಡಕ ಜೋಳ ಸರ್ ಅಂತ ಜಾರತಿತ್ತು ನೋಡ್ರಿ, ಆ ಸಪ್ಪಳ ಈಗೂ ಕಿವ್ಯಾಗೈತಿ." ಮಳೆ ನಿಂತ ಮೇಲೆ ಊಟಕ್ಕೆ ಕೂತಾಗ ಹುಡುಗನ ನೆನಪಾಗಿ ಬಂದು ತೆಗೆದರಂತೆ. ಇಷ್ಟು ಹೇಳಿ ಅವರು ನನ್ನ ಅಂಗಡಿಯ ಷಟರಿನ ಕಡೆ ಒಮ್ಮೆ ನೋಡಿದರು. ನಾನು ಎದ್ದು ಅದನ್ನು ಇನ್ನೂ ಒಂದು ಗೇಣು ಮೇಲೆತ್ತಿದೆ.

ಅವರ ಮಮ್ಮಿ ವೇಷದ ಜೀವನದಲ್ಲಿ ಸುಖದ ದಿನಗಳೆಂದರೆ ಮಸ್ಕಿಯವು. ಅಲ್ಲಿ ಬೋರ್ಡು ಬರೆಯುವ ಪೇಂಟರನಿಗೆ ಯಜಮಾನ ಫೋನಿನಲ್ಲೇ ಹೇಳಿದ್ದ, ಈಜಿಪ್ಟಿನ ಮಮ್ಮಿ ಎದ್ದು ಬರುತ್ತದೆ ಎಂದು ಬರಿ ಅಂತ. ಕನ್ನಡದಲ್ಲಿ ಚೆಂದ ಇರಲಿ ಎಂದು ಆ ಪುಣ್ಯಾತ್ಮ ದೊಡ್ಡ ಅಕ್ಷರಗಳಲ್ಲಿ "ಈಜಿಪ್ಟ ದೇಶದ ತಾಯಿ ಎದ್ದು ಬರುತ್ತಾಳೆ" ಎಂದು ಬರೆದ. ಮೊದಲ ಸಂಜೆಯೇ ಹೆಣ್ಣುಮಕ್ಕಳು ಹಣ್ಣು ಕಾಯಿ ಹಿಡಿದು ಸಾಲು ನಿಂತರು. ಯಾವುದೋ ದೂರದ ಅವ್ವ, ಊರಿಗೆ ಬಂದಿದ್ದಾಳೆ, ಬರಿಗೈಲಿ ಹೋಗುವುದುಂಟೇ? ಪೆಟ್ಟಿಗೆಯಿಂದ ಎದ್ದ ಮಾಸ್ತರರಿಗೆ ಒಬ್ಬ ಮುದುಕಿ ಹಣೆಗೆ ಭಂಡಾರ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಹಿಡಿದು, "ಉಡಿ ಒಡ್ಡವ್ವ" ಎಂದಳಂತೆ. ಇವರು ಹೆದರಿಸಬೇಕಾದವರು. ಆದರೆ ಉಡಿ ತುಂಬಲು ಬಂದವಳ ಎದುರು 'ಆಂ' ಎನ್ನುವುದು ಹೇಗೆ? ಸುಮ್ಮನೆ ಪಟ್ಟಿಯ ಸೆರಗು ಮಾಡಿ ಒಡ್ಡಿದರು.

"ಆಪಾ, ಆ ಮುದುಕಿ ನನ್ನ ಕಿವ್ಯಾಗ ಏನಂದ್ಳು ಗೊತ್ತೇನ್ರಿ? ಅಷ್ಟ ದೂರದಿಂದ ಬಂದೀದಿ, ಯಾರ ನಿನ್ನ ಹಿಂಗ ಕಟ್ಟ್ಯಾರ ತಾಯೀ ಅಂದ್ಳು." ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಆ ಖಣವನ್ನು ತಂದು ನನ್ನ ಮಷಿನ್ನಿನ ಮೇಲೆ ಇಟ್ಟು, ಹೆಂಡತಿಗೆ ಕುಪ್ಪಸ ಹೊಲಿಯಿರಿ ಎಂದರು. ಬೋರ್ಡನ್ನು ತಿದ್ದಿಸುವ ಮಾತು ಯಜಮಾನ ಎತ್ತಲಿಲ್ಲ, ಜನ ಬರುತ್ತಿದ್ದರಲ್ಲ. ಕುಪ್ಪಸದ ಅಳತೆ ಕೊಡಲು ಬಂದಾಗಲೇ ನಾನು ಅವರ ಹೆಂಡತಿಯನ್ನು ಮೊದಲು ನೋಡಿದ್ದು. ಕಡಿಮೆ ಮಾತಿನ, ನೆಟ್ಟ ನೋಟದ ಹೆಣ್ಣುಮಗಳು. ಗಂಡ ಚಿಲಕ ನೋಡುವಾಗ ಅವರು ಗಂಡನನ್ನು ನೋಡುತ್ತಿದ್ದರು.

ಲಿಂಗಸುಗೂರಿನಲ್ಲಿ ಎಲ್ಲ ಕೆಟ್ಟಿತು. ಅಲ್ಲಿಗೆ ಹೋಗುವ ಹೊತ್ತಿಗೆ ಯಜಮಾನ ಹೊಸ ಪೆಟ್ಟಿಗೆ ಮಾಡಿಸಿದ್ದ. ತುಂಟರು ಮೊದಲೇ ಮುಚ್ಚಳ ಎತ್ತಿ ಆಟ ಕೆಡಿಸುತ್ತಾರೆಂದು ಅದಕ್ಕೆ ಹೊರಗಡೆ ಒಂದು ಕಬ್ಬಿಣದ ಚಿಲಕ, ಚಿಲಕಕ್ಕೆ ಒಂದು ಹಗ್ಗ. ಪರದೆಯ ಹಿಂದಿನ ಕೆಲಸಗಾರ ಸರಿಯಾದ ಗಳಿಗೆಗೆ ಹಗ್ಗ ಜಗ್ಗಿದರೆ ಮುಚ್ಚಳ ತೆರೆಯಬೇಕು. ಮಾಸ್ತರರು ಆಗುವುದಿಲ್ಲ ಎಂದರು. "ಪಡುಕೋ ಅಯ್ಯಾ, ಪಡುಕೋ. ಲೇಕಪೋತೆ ಇಂಟಿಕಿ ಪೋ" ಎಂದ ಯಜಮಾನ, ಮಲಗು, ಇಲ್ಲದಿದ್ದರೆ ಮನೆಗೆ ನಡೆ ಎಂದು. ಇವರು ಮಲಗಿದರು.

ಆ ದಿನ ನಾನು ಅಲ್ಲೇ ಇದ್ದೆ. ಲಿಂಗಸುಗೂರಿನಲ್ಲಿ ನನ್ನ ತಂಗಿಯ ಮನೆ. ಅವಳನ್ನು ನೋಡಲು ಹೋದವಳು, ಮಂಡಿಯ ಹತ್ತಿರ ಹರಿದಿದ್ದ ಮಮ್ಮಿ ಬಟ್ಟೆಯನ್ನು ರಿಪೇರಿ ಮಾಡಿಕೊಡಲೆಂದು ಸಂಜೆ ಷೆಡ್ಡಿಗೆ ಹೋಗಿದ್ದೆ. ತೊಡಿಸಿ, ಹುಕ್ಕು ಹಾಕಿ, ಹಿಂದಿನ ಪರದೆಯ ಬಳಿ ಸೂಜಿ ದಾರ ಎತ್ತಿಡುತ್ತಿದ್ದೆ. ಮುಂದಿನಿಂದ ಜನ ಒಳಗೆ ಬಂದದ್ದು ಕೇಳಿಸಿತು. ಅಷ್ಟರಲ್ಲಿ ಬಿರುಗಾಳಿ ಎದ್ದಿತು. ತಗಡು ಬಡಿದುಕೊಂಡವು, ಕರೆಂಟು ಹೋಯಿತು. ಹಗ್ಗ ಹಿಡಿದವನು ತೊಟ್ಟಿಲು ಹಿಡಿಯಲು ಯಾರೋ ಕೂಗಿದರೆಂದು ಎದ್ದು ಓಡಿದ. ಕತ್ತಲೆಯಲ್ಲಿ ಪೆಟ್ಟಿಗೆಯೊಳಗಿಂದ ಬಡಿತ ಕೇಳಿತು, ಆಮೇಲೆ ಕೂಗು.

"ತಗೀರಿ, ನಾ ಒಳಗದೀನಿ, ತಗೀರಿ."

ಜನ ಹೋ ಎಂದು ನಕ್ಕರು. "ಲೇ, ಮಮ್ಮಿ ಕನ್ನಡ ಮಾತಾಡತೈತಲೇ" ಎಂದ ಒಬ್ಬ. ಇವರು ಕೂಗಿದಷ್ಟೂ ಸಿಳ್ಳೆ, ಚಪ್ಪಾಳೆ. ಮೊಬೈಲುಗಳ ಬೆಳಕು ಪೆಟ್ಟಿಗೆಯ ಮೇಲೆ ಬಿತ್ತು. ನಿಜ ಹೇಳಬೇಕೆಂದರೆ ಮೊದಲು ನಾನೂ ಹೊಸ ಆಟವಿರಬೇಕು ಎಂದುಕೊಂಡೆ. ಆಗ ಆ ದನಿ ಬದಲಾಯಿತು. ಅರವತ್ತರ ಹತ್ತಿರದ ಮನುಷ್ಯನ ದನಿಯಲ್ಲ, ಸಣ್ಣ ಹುಡುಗನ ದನಿ. "ಮಾವಾ, ಕಲ್ಲ ತಗಿಯೋ. ಮಾವಾ."

ಕತ್ತರಿ ಎತ್ತಿಕೊಂಡೆ. ಪರದೆ ಸರಿಸಿ ಓಡಿದೆ, ಥರ್ಮಾಕೋಲಿನ ಕಂಬವೊಂದು ನನಗೆ ತಾಗಿ ಬಿತ್ತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಹಗ್ಗ ಚಿಲಕಕ್ಕೆ ಸುತ್ತಿಕೊಂಡು ಗಂಟಾಗಿತ್ತು. ಕತ್ತರಿಯಿಂದ ಹಗ್ಗ ಕತ್ತರಿಸಿ, ಚಿಲಕ ಸರಿಸಿ ಮುಚ್ಚಳ ಎತ್ತಿದೆ. ಮಾಸ್ತರರು ಏಳಲಿಲ್ಲ. ಮಂಡಿ ಎದೆಗೆ ಹಚ್ಚಿ, ಮುದುಡಿ, ಕಣ್ಣು ಬಿಟ್ಟುಕೊಂಡೇ ಇದ್ದರು. ಉಸಿರು ಎಣಿಸುವವರ ಹಾಗೆ ಬಾಯಿ ಆಡುತ್ತಿತ್ತು. ಹಿಡಿದು ಎಬ್ಬಿಸಿ, ಹಿಂಬಾಗಿಲಿನಿಂದ ಮೈದಾನಕ್ಕೆ ಕರೆತಂದು ನೆಲದ ಮೇಲೆ ಕೂರಿಸಿ ಬೆನ್ನಿನ ಹುಕ್ಕು ಬಿಚ್ಚಿದೆ. ಧೂಳು ಕಣ್ಣಿಗೆ ಹೊಡೆಯುತ್ತಿತ್ತು. ಅವರು ಬಾಯಿ ತೆರೆದು ಆ ಧೂಳುಗಾಳಿಯನ್ನೇ ಕುಡಿದರು.

ಉಸಿರು ಹತೋಟಿಗೆ ಬಂದಮೇಲೆ ಅವರು ಆಡಿದ ಮೊದಲ ಮಾತು ಇದು: "ಆಪಾ, ಇಷ್ಟ ವರ್ಷ ಬಣ್ಣ ಹಚ್ಚೀನಿ, ಇಂಥಾ ಚಪ್ಪಾಳಿ ಯಾವತ್ತೂ ಬಿದ್ದಿದ್ದಿಲ್ಲ ನೋಡ್ರಿ." ನಾನು ಬಟ್ಟೆ ಮಡಚಿದೆ. ಅವರು ಎದ್ದು ಷೆಡ್ಡಿನೊಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಆ ಚಿಲಕ ಇತ್ತು. ಸ್ಕ್ರೂ ಸಮೇತ ಕಿತ್ತಿದ್ದರು. ಅದನ್ನು ಎಲೆಅಡಿಕೆಯ ಚಂಚಿಯಲ್ಲಿ ಹಾಕಿ ದಾರ ಬಿಗಿದರು. ಆಮೇಲೆ ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತರು.

"ಒಂದ ಮಾತ ಕೊಡ್ರಿ. ನಾ ಸತ್ರ ನನ್ನ ಮಣ್ಣಾಗ ಕುಂಡ್ರಸಾಕ ಬಿಡಬ್ಯಾಡ್ರಿ. ಸುಡ್ರಿ ಅಂತ ಹೇಳ್ರಿ. ಗಾಳ್ಯಾಗ ಹೊಕ್ಕೀನಿ."

"ಮನ್ಯಾಗ ಹೇಳ್ರಿ ಮಾಸ್ತರ. ನನಗ್ಯಾಕ ಹೇಳ್ತೀರಿ?"

"ಮನ್ಯಾಗ ಹೇಳಿದ್ರ ಅಳತಾರ. ನೀವಾದ್ರ ಜಗಳಾ ಮಾಡ್ತೀರಿ."

ನನ್ನ ಗುಣವನ್ನು ಇಷ್ಟು ಸರಿಯಾಗಿ ನನ್ನ ಮನೆಯವರೂ ಹೇಳಿಲ್ಲ. ಮಾತು ಕೊಟ್ಟೆ.

ಅಂದೇ ಅವರು ಕೆಲಸ ಬಿಟ್ಟರು, ಆದರೆ ಪೆಟ್ಟಿಗೆ ಅವರನ್ನು ಬಿಡಲಿಲ್ಲ. ಅಲ್ಲಿದ್ದ ಯಾರೋ ತೆಗೆದ ವಿಡಿಯೋ ಫೋನಿನಿಂದ ಫೋನಿಗೆ ಹರಿದಾಡಿತು. "ಮಾವಾ, ಕಲ್ಲ ತಗಿಯೋ" ಎನ್ನುವ ದನಿಗೆ ನಗುವ ಗೊಂಬೆಗಳನ್ನು ಅಂಟಿಸಿ ಕಳಿಸುತ್ತಿದ್ದರು. ಸಾಲಗುಂದದ ನನ್ನ ಗಿರಾಕಿಯೊಬ್ಬಳು ಅಳತೆ ಕೊಡಲು ಬಂದವಳು ನನಗೇ ತೋರಿಸಿದಳು. ಅವಳಿಗೆ ನಾನು ಏನಂದೆ ಎಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ಅವಳು ಬೇರೆ ಅಂಗಡಿ ನೋಡಿಕೊಂಡಳು. ಚಹಾದಂಗಡಿಯಲ್ಲಿ ಮಾಸ್ತರರನ್ನು ಗುರುತಿಸಿ, "ಏನ್ ಆಕ್ಟಿಂಗ್ರೀ ಮಾಸ್ತರ, ಖರೇ ಅನಸ್ತು" ಎಂದು ಜನ ಕೈ ಕುಲುಕುತ್ತಿದ್ದರು. ಅವರು ಚಹಾ ಮುಗಿಸಿ ಎದ್ದುಬಿಡುತ್ತಿದ್ದರು. ನನ್ನ ಬಳಿ ಬಂದು, "ಈಗ ನಾ ಎಲ್ಲಾರ ಕಿಸೇದಾಗ ಸಿಕ್ಕೊಂಡೀನ್ರಿ ಆಪಾ, ಎಷ್ಟ ಮಂದೀನ ತಗೀ ಅನ್ನೂದು" ಎಂದರು. ಸಿನಿಮಾ ನೋಡುವುದನ್ನು ನಿಲ್ಲಿಸಿದರು. ನನ್ನ ಫೋನು ನೂಲಿನ ಡಬ್ಬಿಗೆ ಆನಿಸಿದ್ದು ಅದೇ ಕೊನೆ.

ಮರುವರ್ಷ ಲಕ್ವಾ ಹೊಡೆಯಿತು. ಬಲಗಡೆಯ ಮೈ ಹೋಯಿತು, ಮಾತೂ ಹೋಯಿತು. ನೋಡಲು ತುರ್ವಿಹಾಳಕ್ಕೆ ಹೋದಾಗ ಅವರ ಹಾಸಿಗೆಯನ್ನು ಪಡಸಾಲೆಯಲ್ಲಿ, ಬೀದಿ ಕಾಣುವ ಹಾಗೆ ಹಾಕಿದ್ದರು. ಮುಂಬಾಗಿಲಿಗೆ ಹೊರಗಿನ ಚಿಲಕವೇ ಇರಲಿಲ್ಲ, ಕಿತ್ತ ಜಾಗದಲ್ಲಿ ಎರಡು ತೂತು ಮಾತ್ರ. ಹೆಂಡತಿ ಕೀಳಿಸಿದ್ದರು. ನನ್ನನ್ನು ನೋಡಿ ಮಾಸ್ತರರು ಬಾಯಿ ತೆರೆದರು. ಬಂದದ್ದು "ಆಂ" ಎನ್ನುವುದೊಂದೇ. ಅದು ಅವರ ಕಿವಿಗೂ ಬಿತ್ತು. ಅರೆಮುಖದಲ್ಲಿ ನಗು ಬಂತು, ಹೇಳಿದ್ದೆನಲ್ಲ ಎನ್ನುವ ಹಾಗೆ. ನಾನು ಕೊಡದಿಂದ ನೀರು ತಂದು ಕುಡಿಸಿದೆ. ಎಡಗೈಯ ಮುಷ್ಟಿ ಬಿಗಿಯಾಗಿತ್ತು. "ಆ ಚಿಲಕರಿ. ಮಲಗಿದ್ರೂ ಬಿಡಂಗಿಲ್ಲ" ಎಂದರು ಹೆಂಡತಿ.

ಫೋನು ಬಂದ ದಿನ ಹೋದಾಗ ಅದೇ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ತಲೆ ಬಾಗದಂತೆ ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದ್ದರು. ಆ ಪಟ್ಟಿ ನೋಡಿ ನನಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು. ಅಂಗಳದಲ್ಲಿ ಹಿರಿಯರು ಕುಣಿ ತೋಡಿದ್ದರ ಮಾತಾಡುತ್ತಿದ್ದರು. ಒಳಗೆ ಹಾಕಲು ಉಪ್ಪಿನ ಚೀಲ, ವಿಭೂತಿ, ಪತ್ರಿ ಎಲ್ಲ ಬಂದಿದ್ದವು. ನಾನು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಅವರ ನಡುವೆ ಹೋಗಿ ನಿಂತು ಹೇಳಿದೆ. ಮಾಸ್ತರರು ಸುಡಲು ಹೇಳಿದ್ದರು, ನನ್ನಿಂದ ಮಾತು ತೆಗೆದುಕೊಂಡಿದ್ದರು ಎಂದು.

ಹಿರಿಯರೆಲ್ಲ ನನ್ನ ಕಡೆ ತಿರುಗಿದರು. ಅವರ ದೊಡ್ಡಪ್ಪನ ಮಗ, ವಯಸ್ಸಾದವರು, ಕೋಲಿನ ಮೇಲೆ ಕೈಯಿಟ್ಟು ಕೇಳಿದರು. "ಅಲ್ರೀ ಆಪಾ, ನಿಮ್ಮಾಗೂ ಮಣ್ಣ ಅಲ್ಲೇನ್ರಿ? ನೀವ ಬಂದು ಬೆಂಕಿ ಅಂದ್ರ ಹೆಂಗ?"

"ನನ್ನ ಮಾತಲ್ರೀ ಅಜ್ಜಾರ. ಮಾಸ್ತರ ಮಾತು. ನಾ ಬರೇ ಹೊತಗೊಂಡ ಬಂದೀನಿ."

"ಹಿರ್ಯಾರ ಸಾಲಿನಾಗ ಅಂವಗ ಜಾಗಾ ಐತಿ. ಅಂವೊಬ್ಬನ್ನ ಬೂದಿ ಮಾಡಿ ಎಲ್ಲಿ ತೂರೂದು?"

"ಗಾಳ್ಯಾಗ ತೂರ್ರಿ. ಅದನ್ನ ಕೇಳ್ಯಾರ ಅವರು" ಎಂದೆ. ದನಿ ಏರಿತ್ತು. ಮಾಸ್ತರರು ನಂಬಿದ ಹಾಗೆಯೇ ಜಗಳ ಶುರುವಾಗಿತ್ತು. ಒಬ್ಬರು ನನ್ನನ್ನು ಹೊರಗೆ ನಡೆಯಿರಿ ಎಂದರು, ಇನ್ನೊಬ್ಬರು ಸತ್ತ ಮನೆಯಲ್ಲಿ ಹೀಗೆ ಮಾತಾಡಬಾರದು ಎಂದರು. ಹೋಗಲೂ ಆಗದೆ, ನಿಲ್ಲಲೂ ಆಗದೆ ನಾನು ಅಲ್ಲಿ ಸಿಕ್ಕಿಬಿದ್ದಿದ್ದೆ.

ಆಗ ಒಳಗೆ ಹೆಣದ ಪಕ್ಕ ಕೂತಿದ್ದ ಹೆಂಡತಿ ಎದ್ದು ಬಂದರು. ಕಣ್ಣು ಒಣಗಿತ್ತು. "ಆಪಾ ಹೇಳೂದು ಖರೆ ಐತ್ರಿ. ನನಗೂ ಗೊತ್ತಿತ್ತು, ಅವರು ಹೇಳಿದ್ದಿಲ್ಲ ಅಷ್ಟ" ಎಂದರು ಹಿರಿಯರಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಹೋದ ತಿಂಗಳ ನಾನ ಕೇಳೀನ್ರಿ ಆಪಾ. ಬೆಂಕಿ ಅಂದೆ, ಸುಮ್ಮ ನನ್ನ ಮಾರಿ ನೋಡಿದ್ರು. ನಿಮ್ಮ ಅವ್ವನ ಬಾಜೂಕ ಕುಂಡ್ರಸ್ತೀವಿ ಅಂದೆ. ಆಗ ಈ ಕೈ ಎತ್ತಿ ತೋರಿಸಿದ್ರು." ತಮ್ಮ ಎಡಗೈಯ ಮುಷ್ಟಿಯನ್ನು ಎತ್ತಿ ತೋರಿಸಿದರು.

ಆ ಮುಷ್ಟಿ ಬೇಡ ಎಂದಿತೋ, ಇದು ಕೈಯಲ್ಲಿದ್ದರೆ ಆಗಲಿ ಎಂದಿತೋ, ನನಗೆ ಈಗಲೂ ಗೊತ್ತಿಲ್ಲ. ಆದರೆ ಜೀವನವೆಲ್ಲ ಆ ಮನುಷ್ಯ ಮಲಗುವ ಮುಂಚೆ ಬಾಗಿಲು ನೋಡಿ ಬಂದವರು ಈ ಹೆಣ್ಣುಮಗಳು. ನಾನು ಬಟ್ಟೆ ಹೊಲಿದುಕೊಟ್ಟವಳು. ನನ್ನ ಮಾತನ್ನು ನಾನು ಹೇಳಿ ಮುಗಿಸಿದ್ದೆ. "ನೀವ ಅಂದಂಗ ಆಗಲಿ ಅಕ್ಕಾ" ಎಂದೆ.

ಕುಣಿಯ ತನಕ ನಾನೂ ಹೋದೆ. ಒಳಗೆ ಕೂರಿಸಿದ ಮೇಲೆ ಮಂತ್ರ ಹೇಳುತ್ತಿದ್ದ ಅಯ್ಯನವರು ಎಡಗೈಯಲ್ಲಿ ಲಿಂಗ ಇಡಬೇಕೆಂದರು. ಹೆಂಡತಿ ಅಂಚಿನಲ್ಲಿ ಮಂಡಿಯೂರಿ ಬಗ್ಗಿ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚಿಲಕವನ್ನು ತೆಗೆದು, ಸೋತುಹೋಗಿದ್ದ ಬಲಗೈಗೆ ಇಟ್ಟು ಮಡಚಿದರು.

"ಇದೇನವ್ವಾ ಕಬ್ಬಿಣ?" ಎಂದರು ಅಯ್ಯನವರು.

"ಬಾಗಲದ್ದರಿ" ಎಂದರು ಅವರು. ಅಯ್ಯನವರು ಒಂದು ಗಳಿಗೆ ಆಕೆಯ ಮುಖ ನೋಡಿ, ಮತ್ತೆ ಮಂತ್ರಕ್ಕೆ ತಿರುಗಿದರು.

ಉಪ್ಪು ಹಾಕುವವರೆಗೆ ನಿಂತಿದ್ದೆ. ಸಲಿಕೆ ಮಣ್ಣಿಗೆ ತಗುಲಿದ ಸಪ್ಪಳ ಕೇಳಿದ್ದೇ ನನ್ನ ಕಾಲು ತಾವಾಗಿಯೇ ಹೊರಟವು. ಕಾಲುವೆಯ ದಂಡೆ ಹತ್ತಿ, ರಸ್ತೆಗೆ ಬಂದು, ಬೇವಿನ ಮರದ ಕೆಳಗೆ ಆ ಕಡೆಗೆ ಬೆನ್ನು ಮಾಡಿ ನಿಂತೆ. ಎಷ್ಟೋ ಬೆಳಗುಗಳಲ್ಲಿ ಅವರು ಆಟೋ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದುದು ಹೀಗೇ. ಕೂಗಿ ಕೇಳೋಣವೆಂದರೆ ಒಳಗಿಂದ ವರದಿ ಒಪ್ಪಿಸಲು ಯಾರೂ ಇರಲಿಲ್ಲ. ನಾನು ಅಲ್ಲೇ ನಿಂತು ಅತ್ತೆ.

ಎಲ್ಲ ಮುಗಿದು ಜನ ಚದುರಿದ ಮೇಲೆ ಹೆಂಡತಿ ಮಣ್ಣುಗೈಯಲ್ಲೇ ಬಂದು ನನ್ನ ಪಕ್ಕ ನಿಂತರು. ಚಿಲಕ ಅಲ್ಲೇ ಉಳಿಯಿತೇ ಎಂದು ನಾನು ಅವರ ಖಾಲಿ ಕೈಗಳನ್ನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ಒಳಗಿಂದ ಹಾಕ್ಕೊಂಡಾರ್ರಿ ಆಪಾ" ಎಂದರು. "ಇನ್ನ ಅವರು ತಗದ್ರನ ತಗಿಯೂದು."